ಮಗ್ಗದ ಕುಣಿಗೆ ಪಂಕ್ಚರ್

ನನ್ನ ತಮ್ಮನಿಗೆ ತಲೆ ಇಲ್ಲ ಅಂತ ನಾನು ಹೇಳುವುದಿಲ್ಲ. ಇದೆ. ಅದರ ತುಂಬ ಗಾಳಿ ಇದೆ, ಅಷ್ಟೇ! ಇಳಕಲ್ಲಿನ ಬಸ್‌ಸ್ಟ್ಯಾಂಡಿನ ಹಿಂದೆ ನಲವತ್ತು ವರ್ಷ ಸೈಕಲ್ ಪಂಕ್ಚರ್ ತೆಗೆದವನು. ಜಗತ್ತೇ ಒಂದು ಟ್ಯೂಬು, ಎಲ್ಲೋ ತೂತು ಬಿದ್ದಿದೆ, ಹುಡುಕಿ ಮುಚ್ಚಿದರೆ ಮುಗಿಯಿತು ಅಂತ ನಂಬಿದ್ದಾನೆ. ಹೆಂಡತಿ ತೀರಿದ ಮೇಲೆ ನನ್ನ ಮನೆಯಲ್ಲೇ ಇದ್ದಾನೆ. ನನ್ನ ಹಣೆಬರಹ!

ನನ್ನದು ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು ಕೂತು ಸೀರೆ ನೇಯಬೇಕು. ಈ ಮಳೆಗಾಲ ಕುಣಿಯ ತಳದಲ್ಲಿ ನೀರು ಜಿನುಗಿತು. ಮನೆ ಕಟ್ಟುವ ಗೌಂಡಿ ಬಂದು ಇಣುಕಿ, "ಬುನಾದಿ ನೀರು ಅವ್ವಾರ, ನಿಂದ್ರಂಗಿಲ್ಲ. ಮಣ್ಣ ಹಾಕಿ ಮುಚ್ಚಿಬಿಡ್ರಿ" ಅಂದ. ಮುಚ್ಚಿದರೆ ನಾನೇನು ಮಾಡಲಿ? ನನಗೆ ಬರುವುದು ಇದೊಂದೇ ಕೆಲಸ. ಗೋಡೆ ನೋಡುತ್ತ ಸಾಯಲೆ?

"ಅಂವಗೇನ ತಿಳೀತೈತಿ ಬಿಡಕ್ಕಾ, ನಾ ಅದೀನಿ!" ಅಂದ ತಮ್ಮ.

ಮೊದಲ ದಿನವೇ ಕೊಡಗಟ್ಟಲೆ ನೀರು ತಂದು ಕುಣಿಗೆ ಸುರುವಿದ!

"ಲೇ, ನೀರ ತಗೀ ಅಂದ್ರ ನೀರ ಹಾಕ್ತೀಯಲ್ಲೋ!"

"ಗುಳ್ಳಿ ಏಳಬೇಕಕ್ಕಾ. ಗುಳ್ಳಿ ಎದ್ದಲ್ಲೇ ತೂತು."

ಮಧ್ಯಾಹ್ನದವರೆಗೆ ಬೋರಲು ಮಲಗಿ ಕಾದ. ಎದ್ದದ್ದು ಒಂದು ಕಪ್ಪೆ.

ಆ ನೀರನ್ನು ತೋಡಿ ಸಿಮೆಂಟು ಮೆತ್ತಿದ. ಅದರ ಮೇಲೆ ಡಾಂಬರು. ಅದರ ಮೇಲೆ ಹಳೇ ಟ್ಯೂಬಿನ ತುಂಡು ಅಂಟಿಸಿ, ಒಂದೊಂದನ್ನೂ ಸುತ್ತಿಗೆಯಿಂದ ತಟ್ಟಿದ. ಮಗ್ಗದ ಮೇಲಿದ್ದ ಸೀರೆಗೂ ವಾಸನೆ ಹತ್ತಿತು. ಒಯ್ಯಲು ಬಂದ ವ್ಯಾಪಾರಿ ಮೂಸಿ ನೋಡಿ, "ಇದು ಉಡೂದೋ ಅವ್ವಾರ, ಗಾಲಿಗೆ ಹಾಕೂದೋ?" ಅಂದ!

ಆದರೆ ಮರುದಿನ ಕುಣಿ ಒಣಗಿತ್ತು. ಅದರ ಮರುದಿನವೂ! ಒಂಬತ್ತು ದಿನ ನೆಮ್ಮದಿಯಿಂದ ನೇಯ್ದೆ. ಅವನು ಮೀಸೆ ತಿರುವುತ್ತ ಓಣಿಯೆಲ್ಲ ಅಡ್ಡಾಡಿದ.

ಹತ್ತನೇ ದಿನ ಅವನು ಜ್ವರ ಬಂದು ಮಲಗಿದ. ನಾನು ಎಂದಿನಂತೆ ಕುಣಿಗೆ ಕಾಲು ಇಳಿಬಿಟ್ಟೆ. ಪಾದ ಮುಳುಗುವಷ್ಟು ನೀರು! ರಬ್ಬರ್ ತುಂಡುಗಳು ತೇಲುತ್ತಿದ್ದವು. ಮಗ್ಗದ ಹಿಂದೆ ಒಂದು ಬಕೆಟ್ಟು, ತಂಬಿಗೆ, ಹಿಂಡಿ ಹಾಕಿದ ಅವನ ಧೋತರ. ದಿನಾ ನಸುಕಿನಲ್ಲಿ, ನಾನು ಏಳುವ ಮೊದಲೇ, ಈ ಮುದುಕ ಕುಣಿಗಿಳಿದು ನೀರು ತೋಡಿ, ಒರೆಸಿ, ಮೇಲೆ ಬರುತ್ತಿದ್ದ. ಜ್ವರ ಬರದೆ ಇನ್ನೇನು ಬಂದೀತು?

ಗೌಂಡಿಗೆ ಇವತ್ತೇ ಹೇಳಿ ಕಳಿಸಬೇಕು. ಕುಣಿ ಮುಚ್ಚದಿದ್ದರೆ ಇವನು ಉಳಿಯುವುದಿಲ್ಲ.

ಒಳಗಿನಿಂದ ದನಿ ಬಂತು: "ಅಕ್ಕಾ... ಕುಣಿ ಹೆಂಗೈತಿ?"

ನೀರಿನಲ್ಲಿ ಕಾಲಿಟ್ಟುಕೊಂಡೇ ಹೇಳಿದೆ: "ಒಂದ ಹನಿ ಇಲ್ಲೋ. ಸುಮ್ನ ಮಲ್ಕೋ."