ಬಂಗಾರದ ದನಿ

ಎರ್ರಪ್ಪ: ಯಂತ್ರ ಸುಳ್ಳು ಹೇಳಂಗಿಲ್ಲ ಅಂದ್ರ ಹೇಳಂಗಿಲ್ಲ! ಸುಮ್ನ ದೂರ ನಿಂದ್ರು.

ಸಣ್ಣಕ್ಕ: ನಿಮ್ಮ ಗೆಳೆಯ ವಾಗೀಶ ನಿಧಿ ಹುಡುಕಾಕಂತ ತಂದ ಯಂತ್ರ ಅಲ್ಲೇನ್ರಿ ಇದು? ನಿಧಿ ಸಿಕ್ಕಿದ್ರ ಅವ ಇನ್ನೂ ರಾಯದುರ್ಗದಾಗ ಪಂಚರ್ ಯಾಕ ಹಾಕ್ತಿದ್ದ?

ಶೇಂಗಾ ಕೀಳುವಾಗ ಸಣ್ಣಕ್ಕನ ಒಂದು ಕಿವಿಯ ಬಂಗಾರದ ಬೆಂಡೋಲೆ ಹೊಲದಲ್ಲಿ ಎಲ್ಲೋ ಬಿದ್ದುಹೋಗಿತ್ತು. ನಾಳೆ ಬೆಳುಗುಪ್ಪದಲ್ಲಿ ತಮ್ಮನ ಮನೆಯ ಗೃಹಪ್ರವೇಶ. ಬೋಳು ಕಿವಿಯಲ್ಲಿ ಹೋದರೆ ತಮ್ಮನ ಹೆಂಡತಿ ಶಾಂತಕುಮಾರಿ ಊರಿಗೆಲ್ಲ ಡಂಗುರ ಸಾರುತ್ತಾಳೆ ಎಂಬ ಸಂಕಟ ಅವಳಿಗೆ. ಗಂಡನಿಗೋ, ಕೋಲಿನ ತುದಿಗೆ ತಟ್ಟೆ ಸಿಕ್ಕಿಸಿದಂತಿದ್ದ ಆ ಯಂತ್ರ ಹಿಡಿದದ್ದೇ ತಡ, ದೊಡ್ಡ ವಿಜ್ಞಾನಿಯಾದ ಸಂಭ್ರಮ.

ಎರ್ರಪ್ಪ: ತಿಳ್ಕೋ. ಕಬ್ಬಿಣ ಆದ್ರ ದಪ್ಪಗ ಗುರ್ ಅಂತೈತಿ, ಈ ಪರದೆ ಮ್ಯಾಲ ನಂಬರು ಕೆಳಗ ಇರ್ತೈತಿ. ಬಂಗಾರ ಆದ್ರ ಸಣ್ಣಗ ಟಿಂವ್ ಅಂತೈತಿ, ನಂಬರು ನಡುವಿಗೆ ಬರ್ತೈತಿ. ಬೆಳ್ಳಿ ಆದ್ರ...

ಯಂತ್ರ ಕೀಂಯೆಂದು ಚೀರಿತು. ನಂಬರು ಮೇಲಕ್ಕೆ ಹಾರಿತು.

ಎರ್ರಪ್ಪ: ಬೆಳ್ಳಿ! ನೋಡಿದ್ಯಾ?

ಸಣ್ಣಕ್ಕ: ಅದು ನನ್ನ ಕಾಲುಂಗುರರೀ. ನಿಮ್ಮ ತಟ್ಟಿ ನನ್ನ ಕಾಲ ಮ್ಯಾಲೈತಿ.

ಎರ್ರಪ್ಪ: ಹಂಗಾದ್ರ ಬಿಚ್ಚಿಡು.

ಸಣ್ಣಕ್ಕ: ಏನಂದ್ರಿ? ಕಾಲುಂಗುರ ಬಿಚ್ಚಬೇಕಾ? ನೀವಿನ್ನೂ ಗುಂಡುಕಲ್ಲಿನಂಗ ಎದುರಿಗೇ ನಿಂತೀರಲ್ರೀ!

ಎರ್ರಪ್ಪ: ಒಂದು ತಾಸು ಅಷ್ಟ...

ಸಣ್ಣಕ್ಕ: ಒಂದು ತಾಸು ಸತ್ತು ಬರ್ತೀರೇನು?

ಎರ್ರಪ್ಪ ಯಂತ್ರವನ್ನು ಅತ್ತ ತಿರುಗಿಸಿದ. ಟಿಂವ್! ಆಸೆಯಿಂದ ಇಬ್ಬರೂ ಮಣ್ಣು ಕೆದಕಿದರು. ಅಲ್ಯೂಮಿನಿಯಂ ಮುಚ್ಚಳವೊಂದು ಹೊರಬಂತು.

ಸಣ್ಣಕ್ಕ: ಬಂತು ನೋಡ್ರಿ ಬಂಗಾರ! ಕ್ವಾರ್ಟರ್ ಬಾಟ್ಲಿ ಮುಚ್ಚಳ.

ಎರ್ರಪ್ಪ: ಇದಕ್ಕೂ ಬಂಗಾರಕ್ಕೂ ದನಿ ಒಂದ. ಅದ್ಕ ಯಂತ್ರ ಏನು ಮಾಡ್ತೈತಿ? ಕೂಲಿಯೋರು ಬಿಸಾಕಿದ್ದಿರಬೇಕು, ಹಳೇದು.

ಸಣ್ಣಕ್ಕ: ಹಳೇದಾ? ಕನ್ನಡಿಯಂಗ ಹೊಳೀತೈತಿ! ಉಗಾದಿಗೆ ನೇಮಕಲ್ಲು ಆಂಜನೇಯನ ಮುಂದ ಕುಡಿಯೋದು ಬಿಟ್ಟೆ ಅಂತ ಆಣಿ ಮಾಡಿದೋರು ಯಾರ್ರಿ?

ಎರ್ರಪ್ಪ: ಬಿಟ್ಟೀನಿ ಅಂದ್ರ ಬಿಟ್ಟೀನಿ! ನನ್ನ ಮ್ಯಾಲ ನಂಬಿಕಿ ಇಲ್ಲೇನು?

ಬದುವಿನ ಬೇವಿನ ಮರದ ಬುಡಕ್ಕೆ ಬಂದಾಗ ಯಂತ್ರ ಮತ್ತೆ ಟಿಂವ್ ಎಂದಿತು. ಎರ್ರಪ್ಪ ಬಿಸಿ ಕೆಂಡ ಮುಟ್ಟಿದವನಂತೆ ತಟ್ಟೆ ಮೇಲೆತ್ತಿದ.

ಎರ್ರಪ್ಪ: ಕಬ್ಬಿಣ. ಏನಿಲ್ಲ, ನಡಿ.

ಸಣ್ಣಕ್ಕ: ಯಾವ ಕಬ್ಬಿಣರೀ? ಟಿಂವ್ ಅಂತು, ನಂಬರೂ ನಡುವಿಗೇ ಐತಿ. ನೀವ ಕಲಿಸಿದ್ದು.

ಎರ್ರಪ್ಪ: ಒಮ್ಮೊಮ್ಮೆ ಯಂತ್ರಾನೂ ಸುಳ್ಳು ಹೇಳ್ತೈತಿ ಮಾರಾಯ್ತಿ!

ಸಣ್ಣಕ್ಕ ಗುದ್ದಲಿ ಕಸಿದುಕೊಂಡು ತಾನೇ ಅಗೆದಳು. ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಸುತ್ತಿಟ್ಟ, ಅಂಥದೇ ಮುಚ್ಚಳದ ಸಾರಾಯಿ ಬಾಟಲಿ, ಅರ್ಧ ಖಾಲಿ. ಆ ಆಣೆಯ ದಿನ ದೇವರಿಗೆ ಕಾಯಿ ಒಡೆಸಿದವಳು ಅವಳೇ. ಬಾಟಲಿಯನ್ನು ಗಂಡನ ಮೂಗಿನ ಮುಂದೆ ಹಿಡಿದಳು.

ಎರ್ರಪ್ಪ: ಸಣ್ಣಕ್ಕ, ಈಗ್ಲೇ ಬಳ್ಳಾರಿಗೆ ಹೋಗಿ ಹೊಸಾ ಕಿವಿ ವಾಲಿ ತಂದ್ಬಿಡ್ತೀನಿ.

ಸಣ್ಣಕ್ಕ: ಬ್ಯಾಡ್ರಿ. ನಾಳೆ ಒಂಟಿ ವಾಲಿ ಹಾಕ್ಕೊಂಡ ಬರ್ತೀನಿ. ಇನ್ನೊಂದೆಲ್ಲಿ ಅಂತ ಶಾಂತಕುಮಾರಿ ಕೇಳೇ ಕೇಳ್ತಾಳ. ಹುಡುಕಾಕ ಹೋದಾಗ ಏನು ಸಿಕ್ತು ಅಂತ ನೀವ ಹೇಳೀರಂತ!