ಬೆಳ್ಳಿ ಗದಾ ಮತ್ತು ಎರಡನೇ ಕುರ್ಚಿ

ಬೆಳ್ಳಿ ಗದಾ ಸಮಾರಂಭದ ಇತಿಹಾಸ ಬರದು ಕೊಡ್ರಿ ಅಂತ ಸಂಘದವರು ನನ್ನ ಬೆನ್ನು ಹತ್ಯಾರ. ಈ ವರ್ಷ ಬರಿಯಾಕ ನನಗ ಹುರುಪಿಲ್ಲ. ಆದ್ರ ಏನ ಮಾಡೂದು? ಈ ಸಮಾರಂಭದ ಹುಟ್ಟು, ಬೆಳವಣಿಗಿ ಎಲ್ಲಾ ಬಲ್ಲಾವ ಬೆಳಗಾವಿ, ಖಾನಾಪುರ ಎರಡೂ ಊರು ಸೋಸಿದ್ರೂ ನಾ ಒಬ್ಬನೇ. ನಾ ಅಂದ್ರ ತಮ್ಮಣ್ಣ. ಹಗಲಿ ಖಾನಾಪುರದ ಹೆಂಚಿನ ಕಾರ್ಖಾನ್ಯಾಗ ಗುಮಾಸ್ತ, ಸಂಜೀಕ ಮಹಾರಾಜ. (ಕಾರ್ಖಾನ್ಯಾಗ ನನ್ನ ಮಾತು ಯಾರೂ ಕೇಳೂದಿಲ್ಲ. ಮನೀ ಸುದ್ದಿ ತಗೀಲೇಬ್ಯಾಡ್ರಿ. ಅದಕ್ಕ ನಾಟಕದಾಗ ರಾಜನ ಪಾರ್ಟು ಬಿಟ್ಟು ಬ್ಯಾರೆ ಪಾರ್ಟು ನಾ ಮುಟ್ಟೂದಿಲ್ಲ.)

ಎಪ್ಪತ್ನಾಕನೇ ಇಸವಿ. ರವಿವಾರ ಪೇಟ್ಯಾಗ ಬೆಲ್ಲದ ವ್ಯಾಪಾರ ಮಾಡೂ ಗುರುಪುತ್ರಪ್ಪನವರಿಗೆ ಒಂದು ವಿಚಾರ ಹೊಳೀತು. "ಹಳ್ಳಿ ಹಳ್ಳಿ ನಾಟಕದ ಮಂದಿ ಬಣ್ಣಾ ಹಚ್ಚಿ ಹಚ್ಚಿ ಮಾರಿ ಸವಿಸಿಕೊಂಡಾರ. ಅವರಿಗೂ ಒಂದು ಮಾನ ಆಗಬೇಕಲ್ಲೋ ತಮ್ಮಣ್ಣ?" ಅಂದ್ರು. ಅವರ ಅಂಗಡ್ಯಾಗ, ಬೆಲ್ಲದ ಪೆಂಟಿ ನಡುವ, ನೊಣಾ ಹೊಡಕೋತ ನಾವು ಸಂಘ ಕಟ್ಟಿದ್ವಿ. ವರ್ಷಕ್ಕೊಮ್ಮೆ ಈ ಭಾಗದ ಶ್ರೇಷ್ಠ ನಟನಿಗೆ ಬೆಳಗಾವಿಯೊಳಗ ಬೆಳ್ಳಿ ಗದಾ ಕೊಡೂದು ಅಂತ ಠರಾವು ಆತು.

ಮೊದಲನೇ ವರ್ಷದ ಗದಾ ಬೆಳ್ಳೀದಲ್ಲ, ಕಟಗೀದು. ಮ್ಯಾಲ ಬೆಳ್ಳಿ ಬೇಗಡಿ ಅಂಟಿಸಿದ್ವಿ. ಗೆದ್ದಾವ ನಂದಗಡದ ಮೈಲಾರಲಿಂಗ, ಕುರಿ ಕಾಯಾವ. ದೀಪದ ಝಳಕ್ಕ ಅಂಟು ಕರಗಿ ಬೇಗಡಿ ಎಲ್ಲಾ ಅವನ ಅಂಗೈಗೆ ಹತ್ತಿಬಿಡ್ತು. ನಾ ನಾಚಿ ನೀರಾದೆ. ಅವ ಮಾತ್ರ ಹೊಳಿಯೂ ಅಂಗೈ ನೋಡಿಕೋತ ನಿಂತಾವ ನಿಂತ ಬಿಟ್ಟ. ಊರಿಗೆ ಹೋಗೂತನಾ ಕೈ ತೊಳಿಲಿಲ್ಲಂತ. ಅವನ ಹೇಣ್ತಿ ಕಾಡವ್ವನೇ ತುತ್ತು ಮಾಡಿ ಉಣಿಸಿದ್ಲಂತ.

ಆದ್ರ ನಾ ಹೇಳಬೇಕಾದ್ದು ಅದಲ್ಲ, ಕುರ್ಚೀದು. ಮೈಲಾರಲಿಂಗಗ ವೇದಿಕೆ ಮ್ಯಾಲ ಕುಂದರ್ರಿ ಅಂದ್ರ ಕುಂದರವಲ್ಲ. "ನಾ ಪಾರ್ಟು ಬಾಯಿಪಾಠ ಮಾಡಿಕೋತ ತಿರಗೂ ಮುಂದ ಕುರಿ ಕಾದಾಕಿ ನನ್ನ ಹೇಣ್ತಿ ರೀ. ಅಕಿ ಬಾಗಲದಾಗ ನಿಂತಾಳ, ನಾ ಹೆಂಗ ಕುಂದರ್ಲಿ?" ಅಂದ. ಆಗ ಗುರುಪುತ್ರಪ್ಪನವರು ಎದ್ರು. ತಾವು ಕುಂತಿದ್ದ ಸಾಗವಾನಿ ಕುರ್ಚಿ ತಾವ ಹೊತ್ತು ತಂದು ಬಾಜೂಕ ಇಟ್ರು. ಕಾಡವ್ವ ಸೆರಗು ಹೊತ್ತುಕೊಂಡು ಬಂದು ಅದರ ಮ್ಯಾಲ ಕುಂತ್ಲು. ನನ್ನ ಮೈಮ್ಯಾಲ ಮುಳ್ಳು ಎದ್ದವು ನೋಡ್ರಿ. ಇವತ್ತಿಗೂ ಏಳತಾವ.

ಅಂದಿನಿಂದ ಅದ ಪದ್ಧತಿ ಆತು. ಗೆದ್ದಾವನ ಹೆಸರು ಮೊದಲ ಹೇಳೂದಿಲ್ಲ. "ಎರಡನೇ ಕುರ್ಚಿಗೆ ದಯಮಾಡಿಸಬೇಕು, ಶ್ರೀಮತಿ ಇಂಥವರು!" ಅಂತ ಮೊದಲ ಹೇಣ್ತಿ ಹೆಸರು ಕೂಗತಾರ. (ಲಗ್ನ ಆಗಿರದಿದ್ರ ಅವ್ವನ ಹೆಸರು.) ಆಮ್ಯಾಲ ಗಂಡ ಯಾರಂತ ತಿಳದು ಸಭಾ ಚಪ್ಪಾಳಿ ಹೊಡೀತೈತಿ. ಹಾರ, ಶಾಲು, ಟೆಂಗಿನಕಾಯಿ ಎಲ್ಲಾ ಎರಡನೇ ಕುರ್ಚಿಯವರ ಉಡ್ಯಾಗ. ಮುಂದ ಖರೇ ಬೆಳ್ಳಿ ಗದಾ ಬಂತು. ಗೆದ್ದಾವರು ಒಂದು ವರ್ಷ ಮನ್ಯಾಗ ಇಟಗೊಂಡು, ಫಳಫಳ ಹೊಳಿಯೂಹಂಗ ತಿರುಗಿ ತರಬೇಕು. ಅದನ್ನ ತಿಕ್ಕೂ ಜವಾಬ್ದಾರಿ ಎರಡನೇ ಕುರ್ಚಿಯವರದು. ಈ ನಿಯಮ ಸೂಚಿಸಿದಾವ ನಾನೇ. "ಕಿರೀಟ ಹೊತ್ತ ಕಲಾವಿದ ವಿಭೂತಿ ಹಚ್ಚಿ ಲೋಹ ತಿಕ್ಕುವುದು ಕಲಾದೇವಿಗೆ ಅವಮಾನ!" ಅಂತ ನಾ ಮಾಡಿದ ಭಾಷಣಕ್ಕ ಭಾರೀ ಚಪ್ಪಾಳಿ ಬಿದ್ದಿತ್ತು.

ಪ್ರತಿ ವರ್ಷ ನಾ ಕೆಳಗ ಕುಂತು ಆ ಕುರ್ಚಿ ನೋಡತಿದ್ದೆ. ನಮ್ಮ ಹೇಣ್ತಿ ಗೌರವ್ವಗ ಹೇಳತಿದ್ದೆ.

"ಏ ಗೌರಾ, ಒಂದಲ್ಲಾ ಒಂದು ವರ್ಷ ನಿನ್ನ ಆ ಕುರ್ಚಿ ಮ್ಯಾಲ ಕುಂದರಸ್ತೇನಿ."

"ಮೊದಲ ಮನ್ಯಾಗಿನ ಕುರ್ಚಿಗೆ ಬೆತ್ತಾ ಹೆಣಸ್ರಿ. ಮೊನ್ನೆ ನಿಮ್ಮ ಅಕ್ಕಾರು ಕುಂತು ಪೂರಾ ಒಳಗ ಹೋಗಿದ್ರು."

ಮಾತು ಹಿಂಗ. ಆದ್ರ ಪ್ರತಿ ವರ್ಷ ಸಮಾರಂಭಕ್ಕ ಹೊಂಟಾಗ ಅಕಿ ಟ್ರಂಕಿನ್ಯಾಗಿಂದ ಇಳಕಲ್ ಸೀರಿ ತಗದು ಉಡತಿದ್ಲು. ಬಂದ ಮ್ಯಾಲ ಮತ್ತ ಮಡಚಿ ಟ್ರಂಕಿನ್ಯಾಗ ಇಡತಿದ್ಲು. ಅದನ್ನ ನೋಡಿ ನೋಡಿ, ಸಾಯೂದ್ರಾಗ ಒಮ್ಮೆರ ಈಕಿ ಹೆಸರು ಆ ಸಭಾದಾಗ ಕೂಗಿಸಬೇಕು ಅಂತ ನಾ ಹಟಾ ತೊಟ್ಟೆ.

ಎಂಬತ್ಮೂರರಾಗ ಆ ಯೋಗ ಬಂತು ಅಂತ ತಿಳಕೊಂಡೆ. ಖಾನಾಪುರದಾಗ ನಮ್ಮ ಹೊಸಾ ನಾಟಕ. ನಾ ವೀರಸೇನ ಮಹಾರಾಜ. ತಪ್ಪು ಮಾಡಿದ ಸ್ವಂತ ಮಗನಿಗೆ ಗಲ್ಲಿನ ಶಿಕ್ಷಾ ಕೊಡೂ ಧರ್ಮಾತ್ಮ. ರಾಣಿ ಪಾರ್ಟು ಸಾತಪ್ಪಂದು; ಸೀರಿ ಉಟ್ಟರ ಅವನ ಅವ್ವಾನೂ ಅವನ ಗುರುತು ಹಿಡಿಯೂದಿಲ್ಲ. ತಾಲೀಮು ಮನ್ಯಾಗ. ನಾ ಕನ್ನಡಿ ಮುಂದ ನಿಂತು ಗರ್ಜಿಸೂದು, ಹಿಂದ ಒಲಿ ಮುಂದ ಗೌರವ್ವ ರೊಟ್ಟಿ ಬಡಕೋತ ರಾಣಿ ಮಾತು ಹೇಳೂದು.

"ಸ್ವಲ್ಪ ಭಾವ ತುಂಬಿ ಹೇಳಽ."

"ಭಾವ ತುಂಬಿದ್ರ ರೊಟ್ಟಿ ಹೊತ್ತತಾವ್ರಿ."

ಆಟದ ದಿನ ಸಂಜೀಕ ತಗಡಿನ ಮಂಡಪ ಕಿಕ್ಕಿರಿದು ತುಂಬಿತ್ತು. ಬೆಳಗಾವಿಯಿಂದ ಪರೀಕ್ಷಕರಾಗಿ ಬಾಳಾಸಾಹೇಬ ಮಾಸ್ತರು ಬಂದು ಮುಂದಿನ ಸಾಲಿನ್ಯಾಗ ಕುಂತಿದ್ರು. ಅವರು ನಗೂದಿಲ್ಲ, ಅಳೂದಿಲ್ಲ, ಬರೇ ಕನ್ನಡಕಾ ಒರಸ್ತಾರ. ಮೊದಲಿನ ಅಂಕ ಸುಸೂತ್ರ ಆತು. ಗಲ್ಲಿನ ದೃಶ್ಯ ಬಂತು. ಸಿಂಹಾಸನದಿಂದ ಎದ್ದೆ. ಕೈ ಎತ್ತಿದೆ. ಬಾಯಿ ತಗದೆ.

ಮಾತು ಹೋಗಿಬಿಟ್ಟಿತ್ತು.

ಪರದೆ ಹಿಂದ ಮಾತು ಹೇಳಿಕೊಡೂ ಭರಮಣ್ಣನ ಕಡೆ ನೋಡಿದೆ. ಕಣ್ಣು ಮುಚ್ಚಿದ್ದ. (ನನ್ನ ಅಭಿನಯಕ್ಕ ಮೈಮರ್ತಾನ ಅಂತ ತಿಳಕೊಂಡೆ. ಗೊರಕಿ ಕೇಳಿದ ಮ್ಯಾಲ ಆ ಭ್ರಮಾನೂ ಹೋತು.) ಮಂದಿ ಗುಜುಗುಜು ಸುರು ಮಾಡ್ತು. ಹಿಂದಿನಿಂದ ಯಾರೋ "ಪುಢಂ ಬೋಲ್ ಕೀ ರೇ ರಾಜಾ!" ಅಂತ, ಮುಂದ ಹೇಳೋ ರಾಜಾ ಅಂತ, ಮರಾಠಿಯೊಳಗ ಒದರಿದ.

ಅಷ್ಟರಾಗ ಹೆಣ್ಮಕ್ಕಳ ಕಡಿಂದ ಪರಿಚಯದ ಧ್ವನಿ ಬಂತು.

"'ಎಳೆದೊಯ್ಯಿರಿ ಈ ದ್ರೋಹಿಯನ್ನು' ಅನ್ರೀ!"

ಇಡೀ ಮಂಡಪ ತಿರುಗಿ ನೋಡ್ತು. ನನಗ ನೆತ್ತಿಗೇರ್ತು. ರಾಜನ ಗತ್ತಿನ್ಯಾಗ "ನೀ ಸುಮ್ಮನ ಕುಂದರಽ!" ಅಂದೆ.

"ಸುಮ್ಮನ ಹೆಂಗ ಕುಂದರ್ಲಿ? ಹೆತ್ತ ಮಗನ್ನ ಗಲ್ಲಿಗೆ ಕೊಡಾಕ ನಿಂತೀರಿ, ಅದರ ಮಾತರ ನೆಟ್ಟಗ ಬರಬಾರದ?"

ಮಂದಿ ಹೊಟ್ಟಿ ಹಿಡಕೊಂಡು ನಕ್ಕರು. ವೇದಿಕೆ ಮ್ಯಾಲ ಸಾತಪ್ಪ ಬಾಯಿ ತಕ್ಕೊಂಡು ನಿಂತಿದ್ದ. ನನ್ನ ಮಾತು ಬರಲಾರದ ಅವನ ಮಾತು ಏಳೂಹಂಗಿಲ್ಲ. ಗೌರವ್ವ ಉಡ್ಯಾಗಿನ ಶೇಂಗಾ ಬಾಜೂದಾಕಿ ಉಡಿಗೆ ಸುರುವಿದ್ಲು. ಎದ್ದು ನಿಂತ್ಲು. ಸೆರಗು ಸರಿ ಮಾಡಿಕೊಂಡ್ಲು.

"ಮಹಾರಾಜಾ! ನ್ಯಾಯದ ಕತ್ತಿ ಹಿಡಿದ ಈ ಕೈ ಒಂದು ಕಾಲಕ್ಕೆ ಇವನ ತೊಟ್ಟಿಲನ್ನೂ ತೂಗಿತ್ತು. ಅದನ್ನೂ ಮರೆತೆಯಾ?"

ನಗಿ ಅಲ್ಲೇ ನಿಂತಿತು. ಏನ ಹೇಳ್ಲಿ ನಿಮಗ! ಮುಂದಿನ ಮಾತು, ಅದರ ಮುಂದಿಂದು, ರಾಣಿಯ ಎಲ್ಲಾ ಮಾತೂ ಅಕಿ ಹೇಳಿಕೋತ ಹೋದ್ಲು. ಯಾರದೋ ಕೂಸು ಅಳತಿತ್ತು, ಅದೂ ಗಪ್ಪಾತು. ಇಷ್ಟು ದಿನಾ ನಾ ಕನ್ನಡ್ಯಾಗ ನನ್ನ ಮಾರಿ ನೋಡಿಕೋತ ನಿಂತಿದ್ದೆ, ತಿರುಗಿ ಅಕಿ ಮಾರಿ ಒಮ್ಮೆನೂ ನೋಡಿರಲಿಲ್ಲ. ಈಕಿ ನಮ್ಮ ಮನ್ಯಾಕೀನ? ಖರೇ ಹೇಳತೇನಿ, ನನಗ ಕೈ ಮುಗೀಬೇಕು ಅನಿಸ್ತು. ಕಣ್ಣಾಗ ನೀರು ಬಂದು ಬಣ್ಣಾ ಎಲ್ಲಾ ಇಳೀತು. ಮಾತೂ ತಿರುಗಿ ಬಂತು. ಆಟ ಮುಗಿದಾಗ ತಗಡು ಹಾರಿಹೋಗೂಹಂಗ ಚಪ್ಪಾಳಿ!

ಬಾಳಾಸಾಹೇಬ ಮಾಸ್ತರು ಒಳಗ ಬಂದು ನನ್ನ ಕೈ ಹಿಡಕೊಂಡ್ರು. "ಪ್ರೇಕ್ಷಕರ ನಡುವಿಂದ ರಾಣಿ ಎದ್ದು ಬರೂದು! ಇಂಥಾ ಪ್ರಯೋಗ ನಾ ಎಲ್ಲೂ ನೋಡಿಲ್ಲ. ಯಾರ ವಿಚಾರ ಇದು?"

ಮನುಷ್ಯಾಗ ನಾಲಿಗಿ ಯಾಕ ಐತಿ ಹೇಳ್ರಿ? "ನಂದ ರೀ," ಅಂದೆ. "ಭಾಳ ದಿನದಿಂದ ತಲ್ಯಾಗಿತ್ತು."

ಬಾಜೂಕ ನಿಂತ ಗೌರವ್ವ ಶೇಂಗಾ ಸಿಪ್ಪಿ ಝಾಡಿಸಿಕೊಂಡ್ಲು, ಅಷ್ಟ.

ಗದಾ ನಂದ ಅಂತ ಗ್ಯಾರಂಟಿ ಆತು. ಕರೀ ಕೋಟು ಹೊಲಿಸಿದೆ. ಬೀಗರು, ನೆಂಟರು ಎಲ್ಲಾರ್ನೂ ಬೆಳಗಾವಿಗೆ ಕರದೆ. "ಪ್ರತಿಯೊಬ್ಬ ಕಲಾವಿದನ ಬೆನ್ನ ಹಿಂದೆ" ಅಂತ ಸುರುವಾಗೂ ಭಾಷಣ ಬಾಯಿಪಾಠ ಮಾಡಿದೆ. ಗೌರವ್ವಗ ಎರಡನೇ ಕುರ್ಚಿ ಮ್ಯಾಲ ಹೆಂಗ ಕುಂದರಬೇಕು, ಹಾರ ಹೆಂಗ ಹಿಡೀಬೇಕು ಎಲ್ಲಾ ಕಲಿಸಿದೆ. ಅಕಿ "ಹೂಂ, ಹೂಂ" ಅಂತ ಇಳಕಲ್ ಸೀರಿ ಉಟ್ಟುಕೊಂಡು ನಡದ್ಲು.

ಸಮಾರಂಭದ ವೈಭವ ಏನಂತ ಬಣ್ಣಿಸ್ಲಿ! ಹೊರಗ ಶಹನಾಯಿ, ಒಳಗ ಊದಿನಕಡ್ಡಿ, ವೇದಿಕೆ ಮ್ಯಾಲ ಕೆಂಪು ವಸ್ತ್ರದಾಗ ಗದಾ, ಬಾಜೂಕ ಅದ ಸಾಗವಾನಿ ಕುರ್ಚಿ. ಮುಪ್ಪಾದ ಗುರುಪುತ್ರಪ್ಪನವರು ಮೈಕಿನ ಮುಂದ ಬಂದ್ರು. ನಾ ಗೌರವ್ವನ ಮೊಣಕೈ ತಿವಿದೆ.

"ಏಳಽ. ನಿನ್ನ ಹೆಸರು ಕೂಗತಾರ."

"ಕೂಗ್ಲಿ ತಡೀರಿ."

"ಎರಡನೇ ಕುರ್ಚಿಗೆ ದಯಮಾಡಿಸಬೇಕು," ಅಂದ್ರು ಗುರುಪುತ್ರಪ್ಪನವರು. ನಾ ಕೋಟಿನ ಗುಂಡಿ ಹಾಕಿಕೊಂಡೆ. "ಶ್ರೀಮಾನ್ ತಮ್ಮಣ್ಣನವರು!"

ನಾ ಏಳಲಿಲ್ಲ. ಊರಾಗ ತಮ್ಮಣ್ಣಗಳು ಭಾಳ ಮಂದಿ ಅದಾರ. ಆದ್ರ ಇಡೀ ಸಭಾ ನನ್ನ ಕಡೆ ನೋಡಾಕತ್ತಿತ್ತು. ಗೌರವ್ವ ಮೆತ್ತಗ ನನ್ನ ಮೊಣಕೈ ತಿವಿದು, "ಏಳ್ರಿ, ನಿಮ್ಮ ಹೆಸರು ಕೂಗ್ಯಾರ," ಅಂದ್ಲು.

ಸಮಾರಂಭದ ಇತಿಹಾಸದಾಗ ಎರಡನೇ ಕುರ್ಚಿಗೆ ಹೆಸರು ಕೂಗಿಸಿಕೊಂಡು ಕುಂತ ಮೊದಲನೇ ಗಂಡಸು ನಾ. ಕುಂತ ಕೂಡ್ಲೆ ಕುರ್ಚಿ ವಾಲಿತು! ಒಂದು ಕಾಲು ಗಿಡ್ಡ. ಎಡಗಾಲು ನೆಲಕ್ಕ ಒತ್ತಿ ಹಿಡದ್ರ ಅಷ್ಟ ಅದು ನಿಂದರೂದು. ಇಷ್ಟು ವರ್ಷ ಇದನ್ನ ಕಣ್ತುಂಬ ನೋಡಿದಾವ ನಾ. ಕುಂತ ಹೆಣ್ಮಕ್ಕಳು ಯಾರೂ ಒಂದು ಮಾತು ಅಂದಿರಲಿಲ್ಲ. ಹಾರ, ಶಾಲು, ಕಾಯಿ ನನ್ನ ಉಡಿಗೆ ಬಂದು ಬಿದ್ದವು. ಗೌರವ್ವ ಗದಾ ಹೆಗಲ ಮ್ಯಾಲ ಇಟಗೊಂಡು ಮೈಕಿನ ಮುಂದ ನಿಂತ್ಲು. ಆ ಸೀರಿ, ಆ ಬೆಳ್ಳಿ, ಆ ನಿಲುವು! ಮತ್ತ ಮೈಮ್ಯಾಲ ಮುಳ್ಳು ಎದ್ದವು.

"ಎಲ್ಲಾ ಇವರ ಪುಣ್ಯಾರಿ," ಅಂತ ನನ್ನ ಕಡೆ ಕೈ ಮಾಡಿದ್ಲು. "ಇವರು ಮಾತು ಮರೀಲಿಲ್ಲ ಅಂದಿದ್ರ ನನ್ನ ಮಾತು ಯಾರ ಕೇಳತಿದ್ರು?"

ನಕ್ಕ ನಗಿಗೆ ಸಭಾ ಅದುರಿತು. ನಾನೂ ಚಪ್ಪಾಳಿ ಹೊಡೀಬೇಕಂದೆ, ಆದ್ರ ಎರಡೂ ಕೈಯಾಗ ಹಾರ ಇದ್ವು.

ಇಲ್ಲಿಗೆ ಇತಿಹಾಸ ಮುಗಿಸ್ತೇನಿ. ಒಳಗಿಂದ ಕರಿಯಾಕತ್ತಾಳ. ಮುಂದಿನ ವಾರ ಗದಾ ತಿರುಗಿ ಕೊಡಬೇಕು, ಹಿಡಿಕಿ ಕಡೆ ಇನ್ನೂ ಕರ್ರಗ ಐತಂತ. ವಿಭೂತಿ ಗಟ್ಟಿ ಒಂದು ಆಗಲೇ ಸವದು ಹೋತು. ಈ ನಿಯಮ ಬದಲ ಮಾಡ್ರಿ ಅಂತ ಮೊನ್ನೆ ಸಂಘದಾಗ ಕೇಳಿದೆ. ನನ್ನ ಭಾಷಣಾನ ನನಗ ಓದಿ ತೋರಿಸಿ ಮತ್ತೊಮ್ಮೆ ಚಪ್ಪಾಳಿ ಹೊಡದ್ರು.