ನಡುಮನೆಯ ಚಪ್ಪಲಿ

ಭಾನುವಾರ, ಬೆಳಿಗ್ಗೆ ಆರು ಗಂಟೆ. ಹಾಜರಿದ್ದವರು: ನಾನು, ನಮ್ಮ ಮನೆಯವರು, ಮತ್ತು ನಡುಮನೆಯ ಮೂಲೆಯಲ್ಲಿ ಹಳೆಯ ಕಂಬಳಿಯ ಮೇಲೆ ನಾಲ್ಕೂ ಕಾಲು ಆಕಾಶಕ್ಕೆ ಮಾಡಿ ಮಲಗಿದ್ದ ಬೆಲ್ಲ. ಸ್ಥಿತಿ ತೃಪ್ತಿಕರ. ಹೀಗೆ ಶುರು ಮಾಡದಿದ್ದರೆ ನನಗೆ ಮುಂದಿನ ಮಾತೇ ಹೊರಡುವುದಿಲ್ಲ, ಕ್ಷಮಿಸಬೇಕು. ಆಸ್ಪತ್ರೆಯಲ್ಲಿ ಹೆಡ್ ಸಿಸ್ಟರ್ ಆಗಿ ನಿವೃತ್ತಳಾದವಳು ನಾನು. ರಾತ್ರಿ ಪಾಳಿಯವರು ಬೆಳಗಿನ ಪಾಳಿಯವರಿಗೆ ವಾರ್ಡು ಒಪ್ಪಿಸುವಾಗ ದಿನ, ಹೊತ್ತು, ಯಾರು ಯಾರಿದ್ದರು ಎಂಬುದನ್ನು ಮೊದಲು ಹೇಳಬೇಕು. ಅಳು, ನಗು, ಕಾಫಿ ಎಲ್ಲ ಆಮೇಲೆ. ಆ ಅಭ್ಯಾಸ ಅಮೃತಹಳ್ಳಿಯ ನಮ್ಮ ಪುಟ್ಟ ಮನೆಯಲ್ಲೂ ಮುಂದುವರಿದಿದೆ. ಹಾಸಿಗೆಯ ಹೊದಿಕೆಯ ಮೂಲೆಗಳನ್ನು ಈಗಲೂ ಲಕೋಟೆಯಂತೆ ಮಡಿಸಿ ಸಿಕ್ಕಿಸುತ್ತೇನೆ. ಸಕ್ಕರೆ ಡಬ್ಬಿಯ ಪಕ್ಕ ಟೀ ಪುಡಿ, ಅದರ ಪಕ್ಕ ಕಾಫಿ ಪುಡಿ. ಕರೆಂಟು ಹೋದಾಗ ಕೈ ಹಾಕಿದರೂ ತಪ್ಪಬಾರದು. ಒಮ್ಮೆ ನಮ್ಮ ನಾದಿನಿ ಬಂದವಳು ನನಗೆ ಸಹಾಯ ಮಾಡುತ್ತೇನೆಂದು ಮಸಾಲೆ ಡಬ್ಬಿಗಳನ್ನು ಬಣ್ಣದ ಪ್ರಕಾರ ಜೋಡಿಸಿಟ್ಟು ಹೋದಳು. ಆ ದಿನ ನನಗೆ ರಕ್ತದೊತ್ತಡದ ಮಾತ್ರೆ ಒಂದು ಹೆಚ್ಚಿಗೆ ಬೇಕಾಯಿತು.

ಅಚ್ಚುಕಟ್ಟು ಎನ್ನುವುದು ಹೊರಗಿನವರಿಗೆ ಗುಣ, ಮನೆಯವರಿಗೆ ಕಾಯಿಲೆ. ನಮ್ಮ ಮನೆಯವರು ಜಾಲಹಳ್ಳಿಯ ಒಂದು ಕಾರ್ಖಾನೆಯಲ್ಲಿ ದುಡಿದವರು. ಸೈರನ್ ಕೂಗಿದರೆ ಒಳಗೆ, ಮತ್ತೆ ಕೂಗಿದರೆ ಹೊರಗೆ. ಜನ್ಮಕ್ಕೆಂದು ದೇವರು ಕೊಟ್ಟ ಶಿಸ್ತನ್ನೆಲ್ಲ ಆ ಗೇಟಿನೊಳಗೇ ಮುಗಿಸಿ ಮನೆಗೆ ಬರಿಗೈಲಿ ಬಂದರು. ಅವರ ಹಿಮ್ಮಡಿ ನೋವಿಗೆ ಡಾಕ್ಟರು ಮನೆಯೊಳಗೆ ಹಾಕಿಕೊಳ್ಳಲು ಮೆತ್ತನೆಯ ಚಪ್ಪಲಿ ಹೇಳಿದ್ದಾರೆ. ಅದಕ್ಕೊಂದು ಗೂಡೂ ಇದೆ, ಬಾಗಿಲ ಪಕ್ಕ. ಆದರೆ ಆ ಚಪ್ಪಲಿ ಗೂಡನ್ನು ಕಂಡಿದ್ದು ನನ್ನ ಕೈಯಿಂದ ಮಾತ್ರ. ಅವರು ದಿವಾನದ ಮೇಲೆ ಕಾಲು ಚಾಚುವ ಮುನ್ನ ನಡುಮನೆಯ ನಟ್ಟನಡುವೆ ಅದನ್ನು ಕಳಚುತ್ತಾರೆ. ಒಂದು ಅಡುಗೆಮನೆಯ ಕಡೆ, ಇನ್ನೊಂದು ಹಿತ್ತಿಲ ಕಡೆ ಮುಖ ಮಾಡಿ, ಜಗಳವಾಡಿ ಬೇರೆಯಾದ ಅಣ್ಣತಮ್ಮಂದಿರ ಹಾಗೆ ಬಿದ್ದಿರುತ್ತವೆ. ನಾನು ಗೂಡಿಗಿಡುವುದು, ಅವರು ನಡುಮನೆಗೆ ತರುವುದು. ನಮ್ಮ ದಾಂಪತ್ಯದ ಬಹುಭಾಗ ಹೀಗೇ ಕಳೆದಿದೆ.

ಇಂಥ ಮನೆಗೆ ಬೆಲ್ಲ ಬಂದದ್ದು ಆಯೇಷಾಳಿಂದ. ಆರ್.ಟಿ. ನಗರದಲ್ಲಿ ಅಕ್ಕನ ಜೊತೆ ಹೊಲಿಗೆ ಅಂಗಡಿ ನಡೆಸುವ ಹುಡುಗಿ ಇವಳು. ಬಿಡುವಿನಲ್ಲಿ ಬೀದಿಯಲ್ಲಿ ಸಿಕ್ಕ ನಾಯಿಮರಿಗಳಿಗೆ ಮದ್ದು ಮಾಡಿಸಿ ಮನೆ ಹುಡುಕುತ್ತಾಳೆ. ನಮ್ಮ ಬೀದಿಯ ನಾಯಿಗಳಿಗೆ ಚುಚ್ಚುಮದ್ದು ಹಾಕಿಸಲು ಬಂದಿದ್ದಾಗ ಅವಳ ಹೆಗಲ ಚೀಲದಿಂದ ಬೆಲ್ಲದಚ್ಚಿನ ಬಣ್ಣದ ಒಂದು ಪುಟ್ಟ ತಲೆ ಹೊರಗೆ ಬಂತು. ಎರಡು ಕಣ್ಣೂ ಹಾಲಿನಂತೆ ಬಿಳಿ.

“ಹುಟ್ಟಿನಿಂದಾನೇ ಕಾಣ್ಸಲ್ಲ ಆಂಟಿ. ಹೆಬ್ಬಾಳದ ಸರ್ವಿಸ್ ರೋಡ್ ಪಕ್ಕ ಸಿಕ್ಕಿದ್ಲು” ಎಂದಳು ಆಯೇಷಾ. “ಒಂದು ಮನೆಯವ್ರು ಕರ್ಕೊಂಡ್ ಹೋಗಿ ವಾಪಸ್ ಕೊಟ್ರು. ಅವ್ರು ಸೋಫಾನ ಇವತ್ತು ಅಲ್ಲಿ, ನಾಳೆ ಇಲ್ಲಿ ಇಡೋರು. ಇವ್ಳು ದಿನಾ ಹೋಗಿ ಡಿಕ್ಕಿ ಹೊಡ್ಯೋಳು. ಆಮೇಲೆ ಹೆದ್ರಿ ಮೂಲೆ ಬಿಟ್ಟು ಏಳ್ಲೇ ಇಲ್ಲ. ಇಟ್ಟಿದ್ದು ಇಟ್ಟಲ್ಲೇ ಇರೋ ಮನೆ ಬೇಕು ಇವ್ಳಿಗೆ. ಅಂಥ ಮನೆ ಎಲ್ಲಿರುತ್ತೆ ಹೇಳಿ?”

ಹೊಸ ಹುದ್ದೆಗೆ ಅರ್ಜಿ ಕರೆದು, ಅರ್ಹತೆಗಳ ಜಾಗದಲ್ಲಿ ನನ್ನ ಜಾತಕವನ್ನೇ ಓದಿದಂತಾಯಿತು. ಇಷ್ಟು ವರ್ಷ ಬೈಸಿಕೊಂಡ ದುರ್ಗುಣಕ್ಕೆ ಇಷ್ಟು ದೊಡ್ಡ ಬೇಡಿಕೆ ಬರುತ್ತದೆಂದು ಯಾರಿಗೆ ಗೊತ್ತಿತ್ತು? ನಾನು ಬಾಯಿ ತೆರೆಯುವ ಮೊದಲೇ ನಮ್ಮ ಮನೆಯವರು, “ಅಂಥ ಮನೇಲಿ ನಾನು ಮದ್ವೆ ಆದಾಗ್ನಿಂದ ಇದ್ದೀನಮ್ಮ. ನೀನೊಂದು ಕೆಲ್ಸ ಮಾಡು. ಮರೀನ ಇಲ್ಲಿ ಬಿಟ್ಟು ನನ್ನನ್ನ ಚೀಲದಲ್ಲಿ ಹಾಕ್ಕೊಂಡು ಹೋಗು” ಎಂದರು. ಆಯೇಷಾ ನಕ್ಕಳು, ಆದರೆ ಮರಿಯನ್ನು ಸುಮ್ಮನೆ ಕೊಡಲಿಲ್ಲ. ಒಂದು ವಾರ ಇಟ್ಟುಕೊಳ್ಳಿ, ಭಾನುವಾರ ಸಂಜೆ ಬಂದು ನೋಡುತ್ತೇನೆ ಎಂದಳು. ಮರಿ ತಾನೇ ಎದ್ದು ಕಂಬಳಿಯಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಹಿತ್ತಿಲ ಬಾಗಿಲಿಗೆ ಧೈರ್ಯವಾಗಿ ಓಡಾಡುತ್ತಿದ್ದರೆ ಇಲ್ಲೇ ಇರಲಿ. ಇಲ್ಲದಿದ್ದರೆ ಯಲಹಂಕದಲ್ಲಿ ಕೈತೋಟವಿರುವ ಇನ್ನೊಂದು ಮನೆಯವರು ಕೇಳಿದ್ದಾರೆ, ಅವರಿಗೆ ಕೊಡುತ್ತೇನೆ. ಕಾಣದ ಆ ಕೈತೋಟದ ಮೇಲೆ ನನಗೆ ಆ ಕ್ಷಣವೇ ಹೊಟ್ಟೆಕಿಚ್ಚು ಹುಟ್ಟಿತು.

ಆ ವಾರ ನಾನು ಇಪ್ಪತ್ತು ವರ್ಷ ಚಿಕ್ಕವಳಾದೆ. ಎದ್ದ ಕೂಡಲೇ ಕೆಲಸ, ಕೆಲಸದ ತುಂಬ ಅರ್ಥ. ಕುರ್ಚಿಗಳು ಕದಲಲಿಲ್ಲ, ಬಟ್ಟಲು ಸರಿಯಲಿಲ್ಲ. ಗಾಟಿನ ವಾಸನೆಯ ಮದ್ದು ಹಾಕಿ ನೆಲ ಒರೆಸಬೇಡಿ ಎಂದು ಆಯೇಷಾ ಹೇಳಿದ್ದಳೆಂದು ಮನಸ್ಸು ಕಲ್ಲು ಮಾಡಿಕೊಂಡು ಬರೀ ನೀರಲ್ಲಿ ಒರೆಸಿದೆ. ಚಪ್ಪಲಿಗಳನ್ನು ಬಿದ್ದಲ್ಲೇ ಬಿಟ್ಟು ಆ ಜಗಳವನ್ನೂ ಮುಂದೂಡಿದೆ. ಒಂದೇ ವಾರದಲ್ಲಿ ಎರಡೆರಡು ಜೀವಗಳನ್ನು ತಿದ್ದಲು ನನ್ನಿಂದಾಗದು. ಮೊದಲ ದಿನ ಮೂಲೆಯಲ್ಲಿ ನಡುಗುತ್ತಿದ್ದ ಬೆಲ್ಲ ಮೂರನೆಯ ದಿನಕ್ಕೆ ಮೂಗೆತ್ತಿ ಹೊರಟಳು. ಕಂಬಳಿಯಿಂದ ನಡುಮನೆಯ ಮಧ್ಯಕ್ಕೆ ನೆಟ್ಟಗೆ ಬಂದು, ಅಲ್ಲೊಂದು ಕ್ಷಣ ನಿಂತು, ಟಕ್ಕನೆ ಎಡಕ್ಕೆ ತಿರುಗಿ ನೀರಿನ ಬಟ್ಟಲಿಗೆ ಬಾಯಿ ಹಾಕಿದಳು. ವಾರ್ಡಿನಲ್ಲಿ ಎಂಥ ಅವಸರದಲ್ಲೂ ಓಡದಿದ್ದ ನಾನು ಅವತ್ತು ಹಿತ್ತಿಲಿಗೆ ಓಡಿಹೋಗಿ, ಕಾಂಪೌಂಡಿನಾಚೆ ಹಸುವಿಗೆ ಹುಲ್ಲು ಹಾಕುತ್ತಿದ್ದ ಪಕ್ಕದ ಮನೆ ಮುನಿಯಮ್ಮನಿಗೆ ಸುದ್ದಿ ಹೇಳಿದೆ. ಅವರ ರಾಗಿ ಹೊಲವೆಲ್ಲ ಈಗ ನಾಲ್ಕಂತಸ್ತಿನ ಕಟ್ಟಡಗಳಾಗಿವೆ, ಹಸು ಮಾತ್ರ ಉಳಿದಿದೆ.

“ನೀರ್ ಕುಡೀತಾ? ಕುಡೀದೆ ಇನ್ನೇನ್ ಮಾಡ್ತದೆ ಸಿಸ್ಟ್ರಮ್ಮ” ಎಂದರು ಮುನಿಯಮ್ಮ. “ಕಣ್ಣೇ ಕಾಣಾಕಿಲ್ಲ ಅಂತೀರಿ, ಇಂಗಾದ್ರೆ ಮನೆ ಎಂಗ್ ಕಾಯ್ತದೆ?”

“ಮನೆ ಕಾಯೋಕೆ ನಮ್ಮವ್ರಿದಾರೆ.”

“ಅವ್ರಾ? ಮೊನ್ನೆ ಗೇಟ್ ತೆಗೆದಿಟ್ಟು ಗೊರಕೆ ಒಡೀತಿದ್ರು. ನಮ್ ಅಸು ನಿಮ್ ದಾಸವಾಳ ತಿಂದ್ಕಂಡು ಬಂತು.”

ಹೀಗೆ ಭಾನುವಾರ ಬಂತು. ಸಂಜೆ ನಾಲ್ಕಕ್ಕೆ ಆಯೇಷಾ ಬರುತ್ತಾಳೆ. ಇಲ್ಲಿ ಓದುಗರಿಗೆ ಒಂದು ವಿಷಯ ಹೇಳಬೇಕು. ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರು ಸುತ್ತು ಬರುತ್ತಾರೆಂದರೆ ನಮಗೆ ಮೈಮೇಲೆ ದೇವರು ಬಂದಂತೆ. ದಿಂಬಿನ ಕವರಿನ ಬಾಯಿ ಬಾಗಿಲಿಗೆ ಕಾಣದಂತೆ ತಿರುಗಿಸು, ಕಿಟಕಿಯ ಸರಳು ಒರೆಸು, ರೋಗಿಯ ಚಿಕ್ಕಮ್ಮನನ್ನು ಹೊರಗೆ ಕಳಿಸು. ರೋಗಿಗೆ ಅದರಿಂದ ಏನು ಉಪಕಾರ ಎಂದು ಯಾರೂ ಕೇಳುತ್ತಿರಲಿಲ್ಲ. ಆ ಭಾನುವಾರ ಊಟವಾದ ಮೇಲೆ ನನ್ನ ಮೈಮೇಲೆ ಅದೇ ದೇವರು ಬಂತು. ಬೆಲ್ಲಳನ್ನು ಹಿತ್ತಿಲಲ್ಲಿ ನಮ್ಮ ಮನೆಯವರ ತೊಡೆಯ ಮೇಲೆ ಕೂರಿಸಿ ಬಾಗಿಲು ಹಾಕಿಕೊಂಡೆ. ಕಂಬಳಿ ಒಗೆದು ಹಾಕಿ, ಬೀರುವಿನಿಂದ ಇಸ್ತ್ರಿ ಮಾಡಿದ ಬೇರೆ ಕಂಬಳಿ ತೆಗೆದು ಹಾಸಿದೆ. ನೀರಿನ ಬಟ್ಟಲನ್ನು ಹುಣಸೆಹಣ್ಣು ಹಾಕಿ ತಿಕ್ಕಿದೆ. ಆಯೇಷಾ ಹೇಳಿದ್ದು ನೆನಪಿತ್ತು, ಆದರೆ ಸುತ್ತು ಬರುವವರ ಮುಂದೆ ಬರೀ ನೀರಲ್ಲಿ ಒರೆಸಿದ ನೆಲವೇ? ಎರಡು ಮುಚ್ಚಳ ಫಿನಾಯಿಲ್ ಹಾಕಿದೆ. ಕೈ ತಡೆಯದೆ ಮೂರನೆಯದನ್ನೂ ಹಾಕಿದೆ. ಕೊನೆಗೆ ನಡುಮನೆಯಲ್ಲಿ ಕಾಲು ಚೆಲ್ಲಿಕೊಂಡು ಬಿದ್ದಿದ್ದ ಆ ಚಪ್ಪಲಿಗಳನ್ನು ಎತ್ತಿ ಗೂಡಿನಲ್ಲಿ ಜೋಡಿಸಿಟ್ಟೆ. ನೆಲ ಚೆನ್ನಾಗಿ ಒಣಗಿದ ಮೇಲೆ ಬೆಲ್ಲಳನ್ನು ಎತ್ತಿ ತಂದು ಹೊಸ ಕಂಬಳಿಯ ಮೇಲೆ ಬಿಟ್ಟೆ. ಮನೆ ಮಿರಮಿರ ಮಿಂಚುತ್ತಿತ್ತು. ಯಲಹಂಕದ ಕೈತೋಟದಲ್ಲಿ ಇಂಥ ಹೊಳಪು ಎಲ್ಲಿಂದ ಬರಬೇಕು?

ಆಯೇಷಾ ಬಂದಳು. ಅವಳ ಹಿಂದೆಯೇ ಮುನಿಯಮ್ಮನೂ ಸೆರಗು ಸಿಕ್ಕಿಸಿಕೊಂಡು ಬಂದು ಹೊಸಿಲ ಮೇಲೆ ಕೂತರು. ಬಂದ ಕೂಡಲೇ ಮೂಗು ಮುಚ್ಚಿಕೊಂಡು, “ಯಾರ್ಗಾದ್ರೂ ಆಪ್ರೇಸನ್ ಮಾಡ್ತಿದ್ದೀರಾ ಸಿಸ್ಟ್ರಮ್ಮ?” ಎಂದರು. ಆಯೇಷಾ ನೆಲದ ಮೇಲೆ ಕೂತು ಮೆಲ್ಲಗೆ, “ಆಜಾ ಬೇಟಾ” ಎಂದು ಬೆಲ್ಲಳನ್ನು ಕರೆದಳು.

ಬೆಲ್ಲ ಎದ್ದಳು. ಮೂಗೆತ್ತಿದಳು. ಒಂದು ಸೀನು ಬಂತು, ಇನ್ನೊಂದು ಬಂತು. ಎರಡು ಹೆಜ್ಜೆ ಮುಂದಿಟ್ಟು ನಿಂತಳು. ಕಿವಿ ಮೇಲೆ ಕೆಳಗೆ ಆಯಿತು. ಬಲಕ್ಕೆ ಹೋಗಿ ಫ್ರಿಜ್ಜಿಗೆ ತಲೆ ಬಡಿದುಕೊಂಡಳು, ತಿರುಗಿ ಕುರ್ಚಿಯ ಕಾಲಿಗೆ. ಆಮೇಲೆ ಅಲ್ಲೇ ಗೋಡೆಗೆ ಬೆನ್ನು ಒತ್ತಿ ಕೂತು ನಡುಗತೊಡಗಿದಳು, ಥೇಟ್ ಮೊದಲ ದಿನದ ಹಾಗೆ. ಹತ್ತಿರ ಹೋಗಲು ಎದ್ದ ನನ್ನನ್ನು ಆಯೇಷಾ ಕೈಸನ್ನೆಯಲ್ಲೇ ತಡೆದಳು. ಒಂದು ವಾರ ಇವಳು ಕುಣಿದದ್ದು, ಬಾಲ ಬೀಸಿ ಲೋಟ ಉರುಳಿಸಿದ್ದು, ಯಾವುದಕ್ಕೂ ಸಾಕ್ಷಿಯಿಲ್ಲ. “ನಿನ್ನೆವರೆಗೂ ಚೆನ್ನಾಗಿ ಓಡಾಡ್ತಿದ್ಲು ಕಣಮ್ಮ” ಎಂದೆ. ವಾರ್ಡಿನಲ್ಲಿ ರೋಗಿಗಳ ಕಡೆಯವರು ಹೇಳುತ್ತಿದ್ದ ಮಾತು ಅದು. ನಾನು ಎಂದೂ ನಂಬಿರಲಿಲ್ಲ.

ಆಯೇಷಾ ಬೇಸರದಿಂದ, “ಇರ್ಲಿ ಆಂಟಿ. ಎಲ್ಲಾ ಮನೇನೂ ಎಲ್ರಿಗೂ ಹೊಂದಲ್ಲ” ಎಂದು ಚೀಲಕ್ಕೆ ಕೈ ಹಾಕಿದಳು.

ಆಗ ಹಿತ್ತಿಲಿಂದ ಕುಂಟುತ್ತ ಬಂದರು ನಮ್ಮ ಮನೆಯವರು. “ನನ್ ಚಪ್ಲಿ ಎಲ್ಲೇ? ಹಿಮ್ಮಡಿ ಇಡಕ್ಕಾಗ್ತಿಲ್ಲ.” ನಾನು ಗೂಡಿನ ಕಡೆ ಕೈ ತೋರಿಸಿದೆ. “ಯಾರೋ ಬರ್ತಾರೆ ಅಂದ್ರೆ ನನ್ ಚಪ್ಲೀನ ಜೈಲಿಗೆ ಹಾಕ್ತಾಳೆ” ಎಂದು ಗೊಣಗುತ್ತ ಅವನ್ನು ಮೆಟ್ಟಿಕೊಂಡು ನಡುಮನೆ ದಾಟಿ ಬಂದು, ಎಂದಿನ ಜಾಗದಲ್ಲಿ, ಎಂದಿನ ಹಾಗೆ, ಒಂದು ಅಡುಗೆಮನೆಗೆ, ಒಂದು ಹಿತ್ತಿಲಿಗೆ ಕಳಚಿ ದಿವಾನದ ಮೇಲೆ ಕಾಲು ಚಾಚಿದರು.

ಗೋಡೆಯ ಬಳಿ ಒಂದು ಮೂಗು ಅಲುಗಿತು. ಬೆಲ್ಲ ಎದ್ದು ನಿಂತಳು. ಬಾಣದಂತೆ ಬಂದು ಆ ಚಪ್ಪಲಿಗೆ ಮೂಗು ತಾಗಿಸಿ, ಬಾಲ ಅಲ್ಲಾಡಿಸಿ, ಟಕ್ಕನೆ ಎಡಕ್ಕೆ ತಿರುಗಿ ಬಟ್ಟಲಿಗೆ ಬಾಯಿ ಹಾಕಿದಳು. ಲೊಚಲೊಚ ಕುಡಿದು, ಮತ್ತೆ ಚಪ್ಪಲಿಗೆ ಬಂದು, ಅಲ್ಲಿಂದ ಬಲಕ್ಕೆ ಹೊರಳಿ ಹಿತ್ತಿಲ ಬಾಗಿಲಿಗೆ ಹೋಗಿ ಕಾಲಿನಿಂದ ಕೆರೆದಳು.

ಆಯೇಷಾ ಚಪ್ಪಲಿಯನ್ನೇ ನೋಡುತ್ತ, “ಅರೆ, ಅಂಕಲ್ ಚಪ್ಲಿ ಇವ್ಳಿಗೆ ಹೆಬ್ಬಾಳ ಫ್ಲೈಓವರ್ ಇದ್ದಂಗೆ. ಅಲ್ಲಿಗೆ ಬಂದ್ರೆ ಯಾವ ಕಡೆ ಹೋಗ್ಬೇಕು ಅಂತ ಗೊತ್ತಾಗುತ್ತೆ” ಎಂದು ನಗತೊಡಗಿದಳು.

“ಆ ವಾಸ್ನೆಗೆ ನಾಯಿ ಏನು, ನಮ್ ಅಸುನೂ ದಾರಿ ಇಡೀತದೆ” ಎಂದರು ಮುನಿಯಮ್ಮ.

ನಮ್ಮ ಮನೆಯವರ ಮುಖ ನೋಡಬೇಕಿತ್ತು. ನಿವೃತ್ತಿಯ ದಿನ ಕಾರ್ಖಾನೆಯವರು ಹಾರ ಹಾಕಿದಾಗಲೂ ಅಷ್ಟು ಅರಳಿರಲಿಲ್ಲ. ಆಯೇಷಾ ಚೀಲ ಹೆಗಲಿಗೇರಿಸಿಕೊಂಡಳು, ಖಾಲಿ ಚೀಲ. ಬಾಗಿಲಲ್ಲಿ ನಿಂತು, “ಇವ್ಳು ನಿಮ್ಮವ್ಳೇ ಆಂಟಿ. ಆದ್ರೆ ಎರಡು ಮಾತು. ಫಿನಾಯಿಲ್ ಮುಟ್ಬೇಡಿ. ಅಂಕಲ್ ಚಪ್ಲೀನೂ ಮುಟ್ಬೇಡಿ” ಎಂದಳು. ನಾನು ಹೂಂ ಎಂದೆ. ಸಂತೋಷಕ್ಕೆ ಅವಳ ಎರಡೂ ಕೈ ಹಿಡಿದುಕೊಂಡೆ. ಅವಳು ಹೋದ ಮೇಲೆ ಬರೀ ನೀರಿನಲ್ಲಿ ಇಡೀ ಮನೆಯನ್ನು ಎರಡು ಸಲ ಒರೆಸಿದೆ. ಒಣಗಿದ ಹಳೆಯ ಕಂಬಳಿಯನ್ನು ತಂದು ಹಾಸಿದೆ. ಬೆಲ್ಲ ಅದರ ಮೇಲೆ ಮೂರು ಸುತ್ತು ಸುತ್ತಿ ಬಿದ್ದುಕೊಂಡಳು.

ರಾತ್ರಿ ಒಂಬತ್ತು ಗಂಟೆ. ಹಾಜರಿದ್ದವರು ಬೆಳಗಿನವರೇ. ಬಾಗಿಲು ಹಾಕಲು ಬಂದಾಗ ನೋಡುತ್ತೇನೆ, ನಡುಮನೆಯ ಮಧ್ಯ ಖಾಲಿ. ಆ ಮಹಾನುಭಾವರು ಗೆದ್ದ ಖುಷಿಯಲ್ಲೋ ನನ್ನ ಮೇಲಿನ ಕನಿಕರದಲ್ಲೋ, ಜನ್ಮದಲ್ಲಿ ಮೊದಲ ಸಲ ಚಪ್ಪಲಿಗಳನ್ನು ತಾವೇ ಗೂಡಿನಲ್ಲಿ ಜೋಡಿಸಿಟ್ಟು ಮಲಗಿದ್ದರು. ಇಷ್ಟು ವರ್ಷ ನಾನು ಕಾದ ದೃಶ್ಯ ಅದು. ಅದರ ಮುಂದೆ ಸ್ವಲ್ಪ ಹೊತ್ತು ನಿಂತೆ. ಆಮೇಲೆ ಎರಡೂ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ನಡುಮನೆಯ ಮಧ್ಯಕ್ಕೆ ತಂದು, ಒಂದನ್ನು ಅಡುಗೆಮನೆಯ ಕಡೆ, ಇನ್ನೊಂದನ್ನು ಹಿತ್ತಿಲ ಕಡೆ ತಿರುಗಿಸಿಟ್ಟೆ. ಹಿಂದೆ ಸರಿದು ನೋಡಿದೆ. ಕೈಯ ಅಭ್ಯಾಸ, ಅವು ಎಷ್ಟು ಮಾಡಿದರೂ ಸ್ವಲ್ಪ ನೆಟ್ಟಗೇ ಕಾಣುತ್ತಿದ್ದವು. ಬಗ್ಗಿ, ಎಡಗಾಲಿನದನ್ನು ಇನ್ನಷ್ಟು ಸೊಟ್ಟ ಮಾಡಿ, ದೀಪ ಆರಿಸಿದೆ.